ಆಯುಧಪೂಜೆಗೆ ಮುಂಚೆ ಮನೇಲೇ ಇಂಜಿನ್ ರೂಮ್ ತೊಳೀಬಹುದಾ? ಮಾಡಿದವರು ಅನುಭವ ಹೇಳಿ

ತೀರ್ಥಹಳ್ಳಿ ಟಾಪ್‌ಗೇರ್:
ನಮಸ್ಕಾರ. ನಮ್ಮದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 71 ಸಾವಿರ ಕಿ.ಮೀ. ಮಳೆಗಾಲ ಪೂರ್ತಿ ತೋಟದ ಮನೆ ಶೆಡ್ಡಲ್ಲಿ ನಿಂತಿತ್ತು. ಮೊನ್ನೆ ಬಾನೆಟ್ ಎತ್ತಿದರೆ ಎಲ್ಲಾ ಕಡೆ ಕೆಂಪು ಧೂಳು. ವೈಪರ್ ಕೆಳಗಿನ ಜಾಲರಿಯಲ್ಲಿ ಹಲಸಿನೆಲೆ ಕೊಳೆತು ಗೊಬ್ಬರ ಆಗಿದೆ. ಟ್ಯಾಪೆಟ್ ಕವರ್ (ಇಂಜಿನ್ ತಲೆ ಮೇಲಿನ ಮುಚ್ಚಳ) ಅಂಚಲ್ಲಿ ಆಯಿಲ್ ಜಿನುಗಿ, ಅದಕ್ಕೆ ಧೂಳು ಮೆತ್ತಿ, ಸೀದ ಹಪ್ಪಳದ ಥರ ಕೂತಿದೆ. ಹಬ್ಬಕ್ಕೆ ಇನ್ನು ಒಂಬತ್ತೇ ದಿನ. ಅಂಗಳದ ಪಾಚಿ ತೆಗೆಯೋಕೆ ಅಂತ ತಗೊಂಡ 110 ಬಾರ್ ಪ್ರೆಶರ್ ವಾಷರ್ ಇದೆ, ಅದರಲ್ಲೇ ಹೊಡೀಬಹುದಾ? ಏನೇನು ಮುಚ್ಚಬೇಕು? ನಮ್ಮ ಮಾವ ನೋಡಿದರೆ "ಡೀಸೆಲ್ ಸ್ಪ್ರೇ ಮಾಡು, ಫಳಫಳ ಅನ್ನುತ್ತೆ" ಅಂತಾರೆ.

ಕೆಂಗೇರಿ ಕಾರುಬಾರು:
ಪ್ರೆಶರ್ ವಾಷರ್ ಅಂತ ಓದಿದ ತಕ್ಷಣ ನನಗೆ ಹಳೇ ಗಾಯ ಕೆರೆದ ಹಾಗಾಯ್ತು. ಹೋದ ವರ್ಷ ಇದೇ ಹಬ್ಬ, ಇದೇ ಹುಮ್ಮಸ್ಸು. ಬ್ಯಾಟರಿ ಮೈನಸ್ ತೆಗೆದೆ, ಬ್ಯಾಟರಿ ಚಾರ್ಜ್ ಮಾಡೋ ಡೈನಮೋ ಮುಚ್ಚಿದೆ, ಫ್ಯೂಸ್ ಬಾಕ್ಸ್ ಮುಚ್ಚಿದೆ. ಇಂಜಿನ್ ಮೇಲೆ ಕಪ್ಪು ಪ್ಲಾಸ್ಟಿಕ್ ಕವರ್ ಇದೆಯಲ್ಲ, ಅದು ಛತ್ರಿ ಇದ್ದ ಹಾಗೆ, ಕೆಳಗೆ ನೀರು ಇಳಿಯಲ್ಲ ಅಂದುಕೊಂಡೆ. ಅದು ಬರೀ ಅಂದಕ್ಕೆ ಹಾಕಿರೋದು ಸ್ವಾಮೀ! ಅದರ ಕೆಳಗೆ ಪ್ಲಗ್‌ಗೆ ಕರೆಂಟ್ ಕೊಡೋ ನಾಲ್ಕು ಇಗ್ನಿಷನ್ ಕಾಯ್ಲ್, ಒಂದೊಂದರ ಕೆಳಗೆ ಪ್ಲಗ್ ಕೂತಿರೋ ಬಾವಿ. ಸ್ಟಾರ್ಟ್ ಆಯ್ತು, ಆದರೆ ಕಲ್ಲು ಸಿಕ್ಕಿಹಾಕಿಕೊಂಡ ಗ್ರೈಂಡರ್ ಥರ ಗಡಗಡ ನಡುಗೋಕೆ ಶುರು. ಚೆಕ್ ಇಂಜಿನ್ ಲೈಟ್ ಮಿಟುಕಿಸ್ತಾ ಇದೆ. "ಓಡಿಸಿದರೆ ಒಣಗುತ್ತೆ" ಅಂದ ಪಕ್ಕದ ಮನೆಯವರ ಮಾತು ಕೇಳಿ ಬಸ್ ಸ್ಟ್ಯಾಂಡ್‌ವರೆಗೂ ಓಡಿಸಿಬಿಟ್ಟೆ. ಆ ಲೈಟ್ ಮಿಟುಕಿಸ್ತಿದ್ದರೆ ಓಡಿಸಲೇಬಾರದಂತೆ, ಉರಿಯದ ಪೆಟ್ರೋಲ್ ಹೋಗಿ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತಂತೆ. ಅದು ಹೋಗಿದ್ದರೆ ಇವತ್ತು ಇಲ್ಲಿ ಬರೀತಾನೇ ಇರ್ತಿರಲಿಲ್ಲ.

ಮೆಕ್ಯಾನಿಕ್ ಎರಡನೇ ಕಾಯ್ಲ್ ಎಳೆದಾಗ "ಪ್ಚಕ್" ಅಂತ ಸದ್ದು. ಬಾವಿಯಲ್ಲಿ ಟೀ ಡಿಕಾಕ್ಷನ್ ಬಣ್ಣದ ನೀರು. ಸಿರಿಂಜಿಗೆ ಗ್ಲೂಕೋಸ್ ಪೈಪಿನ ತುಂಡು ಸಿಕ್ಕಿಸಿ ಎಳೆದ, 20 ಎಂಎಲ್ ಸಿರಿಂಜ್ ಎರಡು ಸಲ ತುಂಬಿತು. ಸ್ಕ್ಯಾನರಲ್ಲಿ ಪಿ0302, ಪಿ0303, ಅಂದರೆ ಎರಡನೇ, ಮೂರನೇ ಸಿಲಿಂಡರ್ ಮಿಸ್‌ಫೈರ್. ಲೆಕ್ಕ ಬರೆದಿಟ್ಟಿದ್ದೀನಿ: ಟೋ 2,500, ಸ್ಕ್ಯಾನ್ 800, ಕಾಯ್ಲ್ ಎರಡು 4,700, ಪ್ಲಗ್ ನಾಲ್ಕು 1,240, ಲೇಬರ್ 1,500. ಮೂರು ದಿನ ಆಫೀಸಿಗೆ ಕ್ಯಾಬ್ 1,960. ಒಟ್ಟು 12,700 ರೂಪಾಯಿ. ಆಯುಧಪೂಜೆ ದಿನ ಕಾರು ಗ್ಯಾರೇಜಲ್ಲಿ, ನಾನು ಬೂದುಗುಂಬಳಕಾಯಿ ಒಡೆದಿದ್ದು ಹೆಂಡತಿ ಸ್ಕೂಟರ್ ಮುಂದೆ.

ಪುತ್ತೂರು ಪಿಕಪ್:
ಬೇಜಾರು ಮಾಡ್ಬೇಡಿ ಕೆಂಗೇರಿಯವರೇ, ತಪ್ಪು ನೀರಿನದ್ದಲ್ಲ, ನಿಮ್ಮದು. ನಾನು 2013ರಿಂದ ಅಂಗಳದಲ್ಲೇ ತೊಳೆಯುವುದು. ಬಿಸು (ನಮ್ಮ ತುಳುವರ ಯುಗಾದಿ) ಕಳೆದು ಒಮ್ಮೆ, ಮಾರ್ನೆಮಿಗೆ, ಅಂದ್ರೆ ನವರಾತ್ರಿಗೆ ಒಮ್ಮೆ. ಇಷ್ಟರವರೆಗೆ ಒಂದು ಬಲ್ಬ್ ಹೋದದ್ದಿಲ್ಲ. ಗನ್ನು ಗಿನ್ನು ಎಂತದ್ದೂ ಬೇಡ, ಗಿಡಕ್ಕೆ ನೀರು ಬಿಡುವ ಪೈಪು ಸಾಕು, ಅದರ ಬಾಯಿಗೆ ಹೆಬ್ಬೆರಳು ಸಹ ಒತ್ತಬಾರದು.

ನನ್ನ ಗುಟ್ಟು ನಂದಿನಿ ಹಾಲಿನ ತೊಟ್ಟೆ. ಒಂದು ತಿಂಗಳು ಮೊದಲೇ ತೊಳೆದು ಬಟ್ಟೆ ಸರಿಗೆಯಲ್ಲಿ ಒಣಗಿಸ್ತೇನೆ. ಮನೆಯಾಕೆ ಬಯ್ಯುವುದು ಬೇರೆ ವಿಷಯ. ಒಂದೊಂದು ಕಾಯ್ಲಿನ ಕಪ್ಲರಿಗೆ ಟೊಪ್ಪಿ ಹಾಕಿದ ಹಾಗೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯುವುದು. ಡೈನಮೋಗೆ ಅಂಗಡಿಯ ದೊಡ್ಡ ತೊಟ್ಟೆ, ಏರ್ ಫಿಲ್ಟರ್ ಮೂತಿಗೆ ಒಂದು, ಇಂಜಿನಿನ ಕಂಪ್ಯೂಟರ್ ಇಸಿಎಂಗೆ ಎರಡು ಪದರ. ಒಟ್ಟು 14. ತೆಗೆಯುವಾಗ ಎಣಿಸಿ 14 ಬರ್ಬೇಕು. ಒಂದು ವರ್ಷ 13 ಬಂತು. ಎಲ್ಲಿ ಹುಡುಕಿದ್ರೂ ಇಲ್ಲ. ಮರುದಿನ ಸುಬ್ರಹ್ಮಣ್ಯಕ್ಕೆ ಹೊರಟಾಗ ಗೊತ್ತಾಯ್ತು, ಸೈಲೆನ್ಸರ್ ಪೈಪಿಗೆ ಅಂಟಿ ಕರಗಿ ಹೋಗಿತ್ತು. ಹದಿನೈದು ದಿನ ಕಾರಿನಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ, ಅತ್ತೆಗೆ ದಾರಿಯಿಡೀ ವಾಂತಿ.

ಇಂಜಿನ್ ಕೈಯಿಟ್ಟರೆ ಸುಡಬಾರದು, ಉಗುರು ಬೆಚ್ಚಗೆ ಇದ್ರೆ ಜಿಡ್ಡು ಬೇಗ ಬಿಡ್ತದೆ. ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರಾವಣ) ಹೊಡೆದು ಐದು ನಿಮಿಷ, ಒಣಗ್ಲಿಕ್ಕೆ ಬಿಡ್ಬೇಡಿ. ಮೂಲೆಗೆ ಹಳೇ ಟೂತ್ ಬ್ರಶ್. ಬೆಲ್ಟಿಗೆ ತಾಗಿಸ್ಬೇಡಿ, ಮತ್ತೆ ಕೀಂ ಕೀಂ ಅಂತದೆ. ತೊಳೆದ ಮೇಲೆ ಬಾನೆಟ್ ಎತ್ತಿ ಎರಡು ಗಂಟೆ ಬಿಸಿಲಿಗೆ. ಇಷ್ಟೇ ಉಂಟು. ಇದಕ್ಕೆ 12,700 ಬೇಕಾ?

ಹುಬ್ಬಳ್ಳಿ ಹೈವೇ:
ನೀರ ಹಾಕೋದ ತಪ್ಪ ರೀ, ಯಾರ ಏನರ ಅನ್ರಿ. ನಂದು ಡೀಸೆಲ್ ಗಾಡಿ, ಬಾಡಿಗಿಗೆ ಓಡಸ್ತೀನಿ. 2019ರಾಗ ಒಂದ ವಾಟರ್ ಸರ್ವಿಸ್‌ನ್ಯಾಗ ಕೊಟ್ಟೆ. ಇಂಜಿನ್ ಇನ್ನೂ ಕಾದಿತ್ತು, ಹುಡುಗ ಸೀದಾ ಗನ್ ಹಿಡದ. ಬುಸ್ ಅಂತ ಉಗಿ ಎದ್ದಿತು. ನಾ ಚಾ ಕುಡಕೋತ ನಿಂತಿದ್ದೆ, ಆವಾಗರ ಬಾಯಿ ತಗೀಬೇಕಿತ್ತು, ತಗೀಲಿಲ್ಲ. ಗಾಡಿ ಒಂದ ಸೆಲ್ಫ್‌ಗೆ ಚಾಲೂ ಆತು, ಏನೂ ಆಗಿಲ್ಲ ಅನ್ಕೊಂಡೆ.

ನಾಕನೇ ದಿನಾ ಅಂಕೋಲಾ ಬಾಡಿಗಿ. ಯಲ್ಲಾಪುರ ದಾಟಿ ಅರಬೈಲ್ ಘಾಟಿನ್ಯಾಗ ಬ್ಯಾಟರಿ ದೀಪ ಹತ್ತಿತು. ಹೆಡ್‌ಲೈಟ್ ಮಂಕಾಗಿ ಎಣ್ಣಿ ದೀಪ ಆದವು. ರಾತ್ರಿ 9 ಗಂಟೆ, ಒಳಗ ಸಣ್ಣ ಹುಡುಗ್ರು, ಹಿಂದ ಲಾರಿ ಸಾಲು. ಡೈನಮೋ ಬೇರಿಂಗಿನ್ಯಾಗ ನೀರ ಹೊಕ್ಕು ತುಕ್ಕ ಹಿಡದಿತ್ತು. ರಿಪೇರಿ 4,600, ಅದೂ ಎರಡ ತಿಂಗಳಿಗೆ ಕೈ ಕೊಟ್ಟಿತು, ಹೊಸಾದು 13,800. ಟೋ 5,500. ಬಾಡಿಗಿ ವಾಪಸ್ 3,200, ಲಾಡ್ಜಿಂಗ್ 900. ಕೂಡಸ್ರಿ, 28 ಸಾವಿರ. ಇನ್ಶೂರೆನ್ಸ್‌ನವ್ರನ್ನ ಕೇಳಿದ್ರ ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಪಾಲಿಸಿಯೊಳಗ ಬರೂದಿಲ್ಲ ಅಂದ್ರು.

ಆವತ್ತಿನಿಂದ ನೀರ ಬಂದ್. ಪೇಂಟ್ ಹೊಡಿಯೋ ಎರಡಿಂಚಿನ ಬ್ರಶ್, ಪಂಕ್ಚರ್ ಅಂಗಡ್ಯಾಗ 50 ರೂಪಾಯಿಗೆ ಏರ್, ಒದ್ದಿ ಬನಿಯನ್ ಬಟ್ಟಿ. ಮುಗೀತು. ನಳದ ನೀರು ವಾರಕ್ಕೊಮ್ಮೆ ಬರೂ ಊರಾಗ ನಾವ ಇಂಜಿನ್‌ಗೆ ಪೈಪ್ ಬಿಟ್ಟ ಕುಂತ್ರ ಮನ್ಯಾಗ ಕಸಬರಗಿ ತಗೋತಾರ. ಪುತ್ತೂರಿನವ್ರಿಗೆ ಏನ್ ಬಿಡ್ರಿ.

ಪುತ್ತೂರು ಪಿಕಪ್:
ನಮ್ಮಲ್ಲಿ ನೀರು ಇದ್ರೆ ಅದು ನಮ್ಮ ತಪ್ಪಾ? ನಮ್ಮ ಬಾವಿ, ನಮ್ಮ ಅಂಗಳ. ಮತ್ತೆ ನಾನು ಅರ್ಧ ಗಂಟೆ ಪೈಪ್ ಬಿಡುವುದಿಲ್ಲ, ಮೂರು ಕೊಡಪಾನ ನೀರು ಸಾಕು.

ಕೆಂಗೇರಿ ಕಾರುಬಾರು:
2024ರ ಮಾರ್ಚಲ್ಲಿ ಬೆಂಗಳೂರಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ದಂಡ ಅಂತ ಆದೇಶ ಹೊರಡಿಸಿತ್ತು, ನೆನಪಿದೆಯಾ? ಆಗ ನಮ್ಮ ಲೇಔಟಲ್ಲಿ ಟ್ಯಾಂಕರಿಗೆ ಕ್ಯೂ. ನಿಮ್ಮ ಮೂರು ಕೊಡಪಾನ ನಮಗೆ ಸ್ನಾನದ ನೀರು. "ತಪ್ಪು ನಿಮ್ಮದು" ಅನ್ನೋ ಮುಂಚೆ ಸ್ವಲ್ಪ ಯೋಚನೆ ಮಾಡಿ.

ಪುತ್ತೂರು ಪಿಕಪ್:
ಟ್ಯಾಂಕರ್ ನೀರಲ್ಲಿ ಸ್ನಾನ ಮಾಡುವವರು ಪ್ರೆಶರ್ ವಾಷರ್ ಯಾಕೆ ತಗೊಂಡದ್ದು ಮಾರಾಯ್ರೆ?

ಶಿರಾ ಸಿಕ್ಸ್‌ವೀಲರ್:
ಏನ್ರಪ್ಪಾ, ನೀರಿಗೆ ಜಗಳ ಆಡೋಕೆ ಕಾವೇರಿ ಸಾಲದು ಅಂತ ಇಲ್ಲೂ ಶುರು ಮಾಡಿದ್ರಾ! ಆ ಹುಡುಗನ ಮಾವ ಹೇಳಿದ್ದೇ ಸರಿ. ನಮ್ಮದು ಮೂವತ್ತು ವರ್ಷದ ಲಾರಿ ವ್ಯವಹಾರ. ಡೀಸೆಲ್‌ಗೆ ಒಂಚೂರು ಆಯಿಲ್ ಬೆರೆಸಿ ಗನ್ನಲ್ಲಿ ಹೊಡೆದರೆ ಇಂಜಿನ್ ಮದುವೆ ಗಂಡಿನ ಥರ ಮಿಂಚುತ್ತೆ. ಜಂಗು ಹತ್ತಲ್ಲ. ಇವತ್ತಿಗೂ ಹಬ್ಬಕ್ಕೆ ಎಲ್ಲಾ ಗಾಡಿಗೂ ಅದೇ. ಹಾಲಿನ ಕವರ್ ಟೋಪಿ ಹಾಕೋಕೆ ಅದೇನು ಕೂಸಾ?

ಮೈಸೂರು 800:
ಲಾರಿ ಯಜಮಾನರೇ, ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಹೇಳ್ತೀನಿ, ಆ ಹುಡುಗನ ತಲೆ ಕೆಡಿಸಬೇಡಿ. ಡೀಸೆಲ್ ತಾಗಿ ತಾಗಿ ರೇಡಿಯೇಟರ್ ಹೋಸು ಉಬ್ಬಿ ಮೆತ್ತಗಾಗುತ್ತೆ. ನನ್ನ ಭಾವಮೈದುನನ ಕಾರಲ್ಲಿ ಹೋಸನ್ನ ಬೆರಳಲ್ಲಿ ಒತ್ತಿದರೆ ನೆನೆಸಿದ ಬ್ರೆಡ್ ಇದ್ದ ಹಾಗಿತ್ತು, ನಂಜನಗೂಡು ರಸ್ತೆಯಲ್ಲಿ ಕ್ಲಿಪ್ಪಿನಿಂದ ಕಿತ್ತುಕೊಂಡು ಕೂಲೆಂಟ್ ಪೂರ್ತಿ ಹೋಯ್ತು. ಮಿಂಚೋದು ಎರಡು ದಿನ. ಮೂರನೇ ದಿನ ಆ ಜಿಡ್ಡಿಗೇ ಧೂಳು ಹಿಡಿದು ಮುಂಚಿಗಿಂತ ಕೊಳಕು. ಕಾದ ಸೈಲೆನ್ಸರ್ ಮೇಲೆ ಡೀಸೆಲ್ ಕೂತರೆ ಬೆಂಕಿ ಭಯ ಬೇರೆ.

ನನ್ನ ವಿಷಯ ಹೇಳ್ತೀನಿ. 1998ರ ಮಾರುತಿ 800, ಮೊದಲ ಓನರ್ ನಾನೇ. ಕಂಪನಿಯವರು 2014ರಲ್ಲಿ ಆ ಗಾಡಿ ಮಾಡೋದು ನಿಲ್ಲಿಸಿದ್ರು, ನಾನು ನಿಲ್ಲಿಸಿಲ್ಲ. ಇದರಲ್ಲಿ ಇಸಿಎಂ ಇಲ್ಲ, ಕಾಯ್ಲ್ ನಾಲ್ಕಿಲ್ಲ. ಇರೋದು ಎಲ್ಲಾ ಪ್ಲಗ್‌ಗೂ ಕರೆಂಟ್ ಹಂಚೋ ಒಂದೇ ಡಿಸ್ಟ್ರಿಬ್ಯೂಟರ್. ಅದರ ಕ್ಯಾಪ್ ಒಳಗೆ ತೇವ ಹೋದರೆ ದೇವರು ಬಂದರೂ ಸ್ಟಾರ್ಟ್ ಆಗಲ್ಲ. ಅದಕ್ಕೆ ಹಳೇ ರೈನ್‌ಕೋಟಿನ ತುಂಡು ಸುತ್ತಿ ದಾರ ಕಟ್ಟಿ, ಉಳಿದಿದ್ದನ್ನ ಸೋಪು ನೀರಿನ ಬಟ್ಟೆಯಲ್ಲಿ ಒರೆಸ್ತೀನಿ. ಬ್ಯಾಟರಿ ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕೂತಿದ್ದರೆ ಅಡುಗೆ ಸೋಡಾ ನೀರು, ಟೂತ್ ಬ್ರಶ್, ಒಣಗಿದ ಮೇಲೆ ಚೂರು ವ್ಯಾಸಲೀನ್.

ಅಂದಹಾಗೆ ತೀರ್ಥಹಳ್ಳಿಯವರ ಎಣ್ಣೆ ವಿಷಯ ಒಬ್ಬರೂ ಎತ್ತಲಿಲ್ಲ. ತೊಳೆಯೋದು ಆಮೇಲೆ, ಟ್ಯಾಪೆಟ್ ಕವರ್ ಪ್ಯಾಕಿಂಗ್ (ಎಣ್ಣೆ ಸೋರದ ಹಾಗೆ ಅಂಚಿಗೆ ಹಾಕೋ ರಬ್ಬರ್) ಹೋಗಿದೆ, ಮೊದಲು ಅದು ಬದಲಾಯಿಸಿ. ಆ ಆಯಿಲ್ ಪ್ಲಗ್ ಬಾವಿಗೂ ಇಳಿದಿರಬಹುದು.

ಹುಬ್ಬಳ್ಳಿ ಹೈವೇ:
ತಪ್ಪ ರೀ ಮಾಸ್ತರ. ಮೊದಲ ಒರಸಬೇಕು, ಆಮ್ಯಾಲ 200 ಕಿಲೋಮೀಟರ್ ಓಡಸಿ ನೋಡಬೇಕು. ಹೊಸಾ ಎಣ್ಣಿ ಎಲ್ಲಿ ಕಾಣಸ್ತೈತಿ ಅಲ್ಲೇ ಸೋರತೈತಿ. ಹೊಲಸು ಇದ್ದಾಗ ಪ್ಯಾಕಿಂಗೋ ಆಯಿಲ್ ಸೀಲೋ ಹೆಂಗ ಗೊತ್ತಾಗಬೇಕು? ನಂದು ಹಂಗ ನೋಡದನ ಪ್ಯಾಕಿಂಗ್ ಹಾಕ್ಸಿದ್ದೆ, 1,100 ಹೋತು, ಸೋರೋದು ನಿಲ್ಲಲಿಲ್ಲ.

ಮೈಸೂರು 800:
ನಾನು ಮಾಸ್ತರಲ್ಲ. ಬ್ಯಾಂಕಲ್ಲಿ ಇದ್ದವನು.

ಸಾಗರದ ಸೆಕೆಂಡ್‌ಹ್ಯಾಂಡ್:
ಇಷ್ಟು ಜನ ಗಂಡಸರು ಸೇರಿ ಇಲಿ ವಿಷಯ ಒಬ್ಬರೂ ಹೇಳಲಿಲ್ಲವಲ್ಲ! ಮಲೆನಾಡಲ್ಲಿ ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಂತ ಕಾರು ಅಂದರೆ ಮೊದಲು ನೋಡಬೇಕಾದ್ದು ಅದೇ. ನಾನು ತೊಳೆಯೋಕೆ ಅಂತ ಬಾನೆಟ್ ಎತ್ತಿದವಳು, ಬ್ಯಾಟರಿ ಹಿಂದೆ ನಮ್ಮನೆ ಹೊಸ ಕಾಲೊರಸಿನ ನಾರು, ಬಾನೆಟ್ ಅಡಿಯ ಸ್ಪಂಜು, ನಾಲ್ಕು ಅಡಿಕೆ, ಒಂದು ಔಷಧಿ ಚೀಟಿ. ಗೂಡು. ಒಳಗೆ ಗುಲಾಬಿ ಬಣ್ಣದ ಐದು ಮರಿ. ಕಿರುಚಿ ಪೈಪ್ ಬಿಸಾಕಿದೆ. ಒಂದು ವೇಳೆ ನೋಡದೆ ನೀರು ಬಿಟ್ಟಿದ್ದರೆ? ಒಂಬತ್ತು ವೈರಿನ ಸಿಪ್ಪೆ ಪೂರ್ತಿ ತಿಂದು ತಾಮ್ರ ಕಾಣ್ತಿತ್ತು. ಬರೀ ತಾಮ್ರಕ್ಕೆ ನೀರು ಬಿದ್ದರೆ ಫ್ಯೂಸ್ ಒಂದೇ ಹೋಗುತ್ತೆ ಅಂತ ಏನು ಗ್ಯಾರಂಟಿ?

ಒಂದು ಕಡೆ ತೋರಿಸಿದರೆ ವೈರಿಂಗ್ ಕಿಟ್ಟೇ ಬದಲಾಯಿಸಬೇಕು, 34,000 ಅಂದರು. ಬಸ್ ಸ್ಟ್ಯಾಂಡ್ ಹಿಂದಿನ ಎಲೆಕ್ಟ್ರಿಷಿಯನ್ ಒಂದೊಂದೇ ವೈರು ಬೆಸುಗೆ ಹಾಕಿ, ಸ್ಲೀವ್ ಏರಿಸಿ, 2,800ಕ್ಕೆ ಮುಗಿಸಿದರು. ಮೂರು ವರ್ಷ ಆಯ್ತು, ಗಟ್ಟಿಯಾಗಿದೆ. ಆ 34,000 ಕೊಟ್ಟುಬಿಡೋಣ ಅಂತ ಹಟ ಹಿಡಿದವರು ಯಾರು ಅಂತ ಹೇಳಲ್ಲ, ಅವರೂ ಇದನ್ನ ಓದ್ತಾರೆ.

ಶಿರಾ ಸಿಕ್ಸ್‌ವೀಲರ್:
ಹೊಗೆಸೊಪ್ಪು ಕಟ್ಟಿ ಇಡಮ್ಮ, ಇಲಿ ಹತ್ತಿರ ಸುಳಿಯಲ್ಲ.

ಸಾಗರದ ಸೆಕೆಂಡ್‌ಹ್ಯಾಂಡ್:
ಕಟ್ಟಿದ್ದೆ. ಗೂಡಿನ ಹಾಸಿಗೆಗೆ ಅದನ್ನೂ ಬಳಸಿಕೊಂಡಿತ್ತು.

ಪುತ್ತೂರು ಪಿಕಪ್:
ನುಸಿಗುಳಿಗೆ ಹಾಕಿ.

ಕೆಂಗೇರಿ ಕಾರುಬಾರು:
ಹಾಕಿ, ಏಸಿ ಆನ್ ಮಾಡಿ, ಬೀರು ಒಳಗೆ ಕೂತ ಹಾಗೆ ಇರುತ್ತೆ. ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡಿದ್ದೀರ ನೀವು.

ತೀರ್ಥಹಳ್ಳಿ ಟಾಪ್‌ಗೇರ್:
ಎಲ್ಲರಿಗೂ ಧನ್ಯವಾದ. ಪ್ರೆಶರ್ ವಾಷರ್ ವಾಪಸ್ ಅಟ್ಟಕ್ಕೆ ಹೋಯ್ತು. ಮಾವನಿಗೆ ಹೋಸಿನ ಕಥೆ ಓದಿ ಹೇಳಿದೆ, ಮುಖ ಊದಿಸಿಕೊಂಡು ಕೂತಿದ್ದಾರೆ. ಇಲಿ ಗೂಡು ಇಲ್ಲ, ಹಿಕ್ಕೆ ಇದೆ. ಜಾಲರಿಯ ಎಲೆ ತೆಗೆದಾಗ ಅದರ ಕೆಳಗಿನ ನೀರು ಹೋಗುವ ತೂತು ಮುಚ್ಚಿತ್ತು, ಕಡ್ಡಿ ಹಾಕಿ ಚುಚ್ಚಿದ ಕೂಡಲೆ ಅರ್ಧ ಬಕೆಟ್ ಕಪ್ಪು ನೀರು ಬುಳುಬುಳು ಇಳೀತು. ಎಡಗಡೆ ಕಾಲಿನ ಮ್ಯಾಟ್ ಯಾಕೆ ಯಾವಾಗಲೂ ಒದ್ದೆ ಅಂತ ಈಗ ಗೊತ್ತಾಯ್ತು. ಹುಬ್ಬಳ್ಳಿ ಅಣ್ಣನ ಥರ ಬ್ರಶ್ ಮತ್ತೆ ಬಟ್ಟೆಯಲ್ಲೇ ಮಾಡ್ತಿದ್ದೀನಿ. ಜಿಡ್ಡಿನ ಜಾಗಕ್ಕೆ ಮಾತ್ರ ಡಿಗ್ರೀಸರ್, ಅಲ್ಲಿ ನಾಲ್ಕು ಹಾಲಿನ ಕವರ್.

ಈಗ ಒಂದೇ ತೊಂದರೆ. ಬ್ಯಾಟರಿ ಮೈನಸ್ ಬಿಚ್ಚುವಾಗ 10ರ ಸ್ಪ್ಯಾನರ್ ಕೈ ಜಾರಿ ಕೆಳಗೆ ಬಿತ್ತು. ನೆಲಕ್ಕೆ ಬಂದಿಲ್ಲ. ಅಂಡರ್ ಕವರ್ ಮೇಲೆ ಎಲ್ಲೋ ಕೂತಿದೆ, ಕಾರು ಅಲ್ಲಾಡಿಸಿದರೆ ಸದ್ದು ಬರುತ್ತೆ, ಕಾಣಿಸ್ತಿಲ್ಲ. ಅಂಡರ್ ಕವರ್ ಬೋಲ್ಟ್ ಬಿಚ್ಚೋಕೂ 10ರ ಸ್ಪ್ಯಾನರೇ ಬೇಕು.

ಹುಬ್ಬಳ್ಳಿ ಹೈವೇ:
ಹಳೇ ಸ್ಪೀಕರಿನ ಮ್ಯಾಗ್ನೆಟ್‌ಗೆ ದಾರಾ ಕಟ್ಟಿ ಬಿಡ್ರಿ.

ಮೈಸೂರು 800:
ಮ್ಯಾಗ್ನೆಟ್ ಬಾಡಿಗೆ ಕಚ್ಚಿಕೊಂಡರೆ ಅದನ್ನ ಯಾರು ತೆಗೀತಾರೆ? ಪಕ್ಕದ ಮನೇಲಿ ಇನ್ನೊಂದು 10ರ ಸ್ಪ್ಯಾನರ್ ಕೇಳಿ.