ಏರ್‌ಸಾಫ್ಟ್ ಕೋವಿಯ ‘ಮಿಸ್‌ಫೀಡ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

‘ಮಿಸ್‌ಫೀಡ್’ ಅನ್ನುವುದಕ್ಕೆ ಕನ್ನಡದಲ್ಲಿ ಒಳ್ಳೆ ಮಾತು ಬೇಕಾಗಿದೆ. ಏರ್‌ಸಾಫ್ಟ್ ಕೋವಿಯಲ್ಲಿ (ಒಬ್ಬರಿಗೊಬ್ಬರು ಪ್ಲಾಸ್ಟಿಕ್ ಗುಂಡು ಹೊಡೆದು ಆಡುವ ಆಟದ ಕೋವಿ) ಕುದುರೆ, ಅಂದರೆ ಟ್ರಿಗರ್, ಎಳೆದರೂ ಗುಂಡು ಬರದೆ ಬರೀ ಗಾಳಿ ಬುಸ್ ಅನ್ನುತ್ತದಲ್ಲ, ಅದಕ್ಕೆ. ಇಲ್ಲಿ ಇಂಗ್ಲೆಂಡಿನಲ್ಲಿ ಭಾನುವಾರ ಆಡಲು ಹೋಗುವ ನಾಲ್ಕಾರು ಕನ್ನಡದವರಿದ್ದೇವೆ. ಹೊಸದಾಗಿ ಸೇರುವ ಹುಡುಗರಿಗೆ ಅಂತ ಒಂದು ಪುಟದ ಚೀಟಿ ಬರೆಯುತ್ತಿದ್ದೇನೆ. ಈ ಪದದ ಹತ್ತಿರ ಬಂದು ಕೈ ನಿಂತುಬಿಟ್ಟಿದೆ.

‘ಉಣಿಸು’, ‘ಊಡು’ ಇವೆ, ಗೊತ್ತು. ‘ಊಡಿಕೆ ದೋಷ’ ಅಂತ ಬರೆದರೆ ಯಾವ ಹುಡುಗನೂ ಎರಡನೇ ಸಾಲು ಓದುವುದಿಲ್ಲ. ‘ಗುಂಡು ಉಣಿಸು’ ಅಂದರೆ ನಗು ಶುರುವಾಗುತ್ತದೆ. ‘ಗುಂಡು ಹಾಕು’ ಅಂತೂ ಬೇಡವೇ ಬೇಡ, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಆಟ ನೋಡದವರಿಗಾಗಿ ಎರಡು ಮಾತು. ಇದರ ಗುಂಡು ಪ್ಲಾಸ್ಟಿಕ್ಕಿನದು. ಹೆಸರಿಗೆ 6 ಮಿಲಿಮೀಟರ್, ಅಳೆದರೆ 5.95ರ ಆಸುಪಾಸು. ತೂಕ ಸಾಮಾನ್ಯವಾಗಿ 0.20 ಗ್ರಾಮ್‌ನಿಂದ ಮೇಲಕ್ಕೆ. ಆಟ ಹುಟ್ಟಿದ್ದು ಜಪಾನಿನಲ್ಲಿ. ಈಗ ಎಲ್ಲರ ಕೈಯಲ್ಲಿರುವ ಬ್ಯಾಟರಿ ಕೋವಿಯನ್ನು ಅಲ್ಲಿನ ಟೋಕಿಯೋ ಮಾರುಯಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಒಳಗೆ ಮೋಟಾರು, ಹಲ್ಲಿನ ಚಕ್ರಗಳು, ಸ್ಪ್ರಿಂಗು, ಪಿಸ್ಟನ್. ಮುಂದೆ ಒಂದು ಪುಟ್ಟ ನಾಝಲ್, ಅಂದರೆ ಗಾಳಿ ಬಿಡುವ ಕೊಳವೆ. ನಾಝಲ್ ಹಿಂದೆ ಸರಿದಾಗ ಮ್ಯಾಗಜಿನ್ನಿನಿಂದ (ಗುಂಡು ತುಂಬಿಡುವ ಡಬ್ಬಿ) ಒಂದು ಗುಂಡು ಮೇಲೆ ಬರುತ್ತದೆ. ನಾಝಲ್ ಮುಂದೆ ಬಂದು ಅದನ್ನು ನಳಿಗೆಯ ಹಿಂತುದಿಯಲ್ಲಿರುವ ರಬ್ಬರಿನ ಬಾಯಿಗೆ ತಳ್ಳಿ ಕೂರಿಸುತ್ತದೆ. ಆಮೇಲೆ ಗಾಳಿ ಹೊಡೆಯುತ್ತದೆ.

ಅಂದರೆ ಗುಂಡು ಏರಬೇಕು, ಕೂರಬೇಕು, ಹಾರಬೇಕು. ಇಂಗ್ಲಿಷಿನ ಒಂದೇ ‘ಫೀಡ್’ ಮೊದಲ ಎರಡನ್ನೂ ಒಟ್ಟಿಗೆ ನುಂಗಿಬಿಟ್ಟಿದೆ. ಇಲ್ಲಿನವರೂ ‘ಫೀಡ್ ಆಗ್ತಿಲ್ಲ’ ಅಂದು ಸುಮ್ನೆ ನಿಲ್ಲುತ್ತಾರೆ, ತೊಂದರೆ ಎಲ್ಲಿ ಅಂತ ಅದರಿಂದ ಗೊತ್ತಾಗುವುದೇ ಇಲ್ಲ. ಅದಕ್ಕೇ ನನಗೆ ಅನ್ನಿಸುತ್ತಿರುವುದು, ಒಂದೇ ಪದ ಹುಡುಕುವ ಬದಲು ಎರಡನ್ನು ಬೇರೆ ಮಾಡಿಬಿಟ್ಟರೆ ಹೇಗೆ?

ಮೊದಲನೆಯದು, ‘ಗುಂಡು ಏರುತ್ತಿಲ್ಲ’. ತೊಂದರೆ ಮ್ಯಾಗಜಿನ್ನಿನಲ್ಲಿ. ಜಾಸ್ತಿ ಗುಂಡು ಹಿಡಿಯುವ ಮ್ಯಾಗಜಿನ್ನಿಗೆ ತಳದಲ್ಲಿ ಒಂದು ಹಲ್ಲಿನ ಗಾಲಿ ಇರುತ್ತದೆ. ಅದನ್ನು ತಿರುಗಿಸಿ ಕೀಲಿ ಕೊಡದಿದ್ದರೆ ಒಳಗೆ ಗುಂಡು ಗಲಗಲ ಅನ್ನುತ್ತಲೇ ಇರುತ್ತದೆ, ಮೇಲೆ ಬರುವುದಿಲ್ಲ. ಮ್ಯಾಗಜಿನ್ ಹೊರಗೆ ತೆಗೆದು, ಬಾಯಿಯಲ್ಲಿರುವ ಸಣ್ಣ ಕೊಕ್ಕೆಯನ್ನು ಉಗುರಿನಿಂದ ಒತ್ತಿ ನೋಡಿ. ಗುಂಡುಗಳು ಪಟಪಟ ಚಿಮ್ಮಿದರೆ ಸ್ಪ್ರಿಂಗು ಗಟ್ಟಿಯಿದೆ ಅಂತ ಅರ್ಥ. ಆಗ ಅದನ್ನು ಮತ್ತೆ ಸಿಕ್ಕಿಸಿ, ಅಂಗೈಯಿಂದ ಮೇಲಕ್ಕೆ ಒತ್ತಿ ಹಿಡಿದು ಹೊಡೆಯಬೇಕು. ಒತ್ತಿದಾಗ ಮಾತ್ರ ಗುಂಡು ಬಂದರೆ ಮ್ಯಾಗಜಿನ್ ಸಡಿಲ ಕೂತಿದೆ. ಬೇಕಿದ್ದರೆ ಸಿಲಿಕೋನ್ ಎಣ್ಣೆ ಒಂದು ಹನಿ, ಅಷ್ಟೇ. ಜಾಸ್ತಿ ಬಿಟ್ಟರೆ ರಬ್ಬರಿಗೆ ಹತ್ತಿ ಗುಂಡು ದಿಕ್ಕಾಪಾಲು ಹೋಗುತ್ತದೆ.

ಎರಡನೆಯದು, ‘ಗುಂಡು ಕೂರುತ್ತಿಲ್ಲ’. ಇದು ಸ್ವಲ್ಪ ತಲೆನೋವು. ಮ್ಯಾಗಜಿನ್ ಚೆನ್ನಾಗಿದೆ, ಆದರೂ ನಾಲ್ಕು ಹೊಡೆತಕ್ಕೆ ಒಂದು ಗುಂಡು. ಹಾಪ್-ಅಪ್ ಅನ್ನುವ ಭಾಗದಲ್ಲಿ ಒಂದು ರಬ್ಬರಿನ ಉಬ್ಬು ಗುಂಡಿನ ನೆತ್ತಿಯನ್ನು ಸವರಿ ಅದಕ್ಕೆ ಹಿಮ್ಮುಖ ಸುತ್ತು ಕೊಡುತ್ತದೆ, ಗುಂಡು ದೂರ ಹೋಗುವುದೇ ಅದರಿಂದ. ಉಬ್ಬು ಜಾಸ್ತಿ ಇಳಿದಿದ್ದರೆ ಗುಂಡಿಗೆ ಜಾಗವೇ ಇರುವುದಿಲ್ಲ. ಇಲ್ಲಿನ ಚಳಿಗೆ ರಬ್ಬರು ಬಿರುಸಾದಾಗಲೂ ಹೀಗೇ ಆಗುತ್ತದೆ. ಹಾಪ್ ಪೂರ್ತಿ ಸಡಿಲಿಸಿ ಹೊಡೆದು ನೋಡುವುದು ಮೊದಲ ಕೆಲಸ. ಆಗಲೂ ಇಲ್ಲವೆಂದರೆ ಹಾಪ್ ಭಾಗ ಮುಂದೆ ಸರಿದು ನಾಝಲ್ಲಿಗೆ ಎಟುಕದಂತಾಗಿರಬಹುದು. ಅಥವಾ ಕೋವಿ ಒಂದರ ಹಿಂದೊಂದು ಹೊಡೆಯುವ ವೇಗ ಹೆಚ್ಚಿಸಿಕೊಂಡಿದ್ದರೆ, ಗುಂಡು ಏರುವಷ್ಟರಲ್ಲಿ ನಾಝಲ್ ವಾಪಸ್ ಬಂದುಬಿಡುತ್ತಿರಬಹುದು. (ಹಾಗಿದ್ದರೆ ಅದು ‘ಏರದ’ ಲೆಕ್ಕಕ್ಕೋ ‘ಕೂರದ’ ಲೆಕ್ಕಕ್ಕೋ? ನನ್ನ ವಿಂಗಡಣೆ ಇಲ್ಲಿ ಸ್ವಲ್ಪ ಕುಂಟುತ್ತದೆ.)

‘ಡಬಲ್ ಫೀಡ್’ಗೆ ‘ಎರಡೆರಡು ಏರುತ್ತಿದೆ’ ಸಾಕು. ರಬ್ಬರಿನ ತುಟಿ ಸವೆದಾಗ ಆಗುವುದು. ಕೋವಿ ಬಗ್ಗಿಸಿದರೆ ನಳಿಗೆಯಿಂದ ಗುಂಡು ತಾನಾಗಿ ಉರುಳಿ ಬೀಳುತ್ತದೆ.

‘ಜಾಮ್’ ಎಲ್ಲರಿಗೂ ಗೊತ್ತು, ಆದರೂ ‘ಗುಂಡು ಕಚ್ಚಿಕೊಂಡಿದೆ’ ನನಗೆ ಇಷ್ಟ. ಏಣು ಎದ್ದ ಅಗ್ಗದ ಗುಂಡು, ನೆಲದಿಂದ ಹೆಕ್ಕಿ ಮತ್ತೆ ತುಂಬಿದ ಗುಂಡು, ಮಣ್ಣಲ್ಲಿ ಕರಗುವ ಜಾತಿಯ, ತೇವಕ್ಕೆ ಉಬ್ಬಿದ ಗುಂಡು, ಮೂರೂ ಕಚ್ಚಿಕೊಳ್ಳುತ್ತವೆ. ಕಣ್ಣು ಕಾಯುವ ಕನ್ನಡಕ ತೆಗೆಯದೆ, ಮ್ಯಾಗಜಿನ್ ಮತ್ತು ಬ್ಯಾಟರಿ ಬಿಚ್ಚಿ, ಹಾಪ್ ಸಡಿಲಿಸಿ, ನಳಿಗೆಯ ತುದಿಯಿಂದ ಕಡ್ಡಿ ಹಾಕಿ ಮೆಲ್ಲಗೆ ನೂಕಬೇಕು. ಆ ಕಡ್ಡಿಗೆ ‘ಗಜ’ ಅಂತ ಬರೆದಿದ್ದೇನೆ. ಕೇಪಿನ ಕೋವಿಗೆ (ನಳಿಗೆಯ ಬಾಯಿಂದ ತುಂಬುವ ಹಳೇ ಕೋವಿ) ಮಸಿ, ಅಂದರೆ ಮದ್ದು, ಜಡಿಯುವ ಗಜವೇ. ಅಲ್ಲಿ ತುಂಬಲು, ಇಲ್ಲಿ ಬಿಡಿಸಲು. ಮಲೆನಾಡಿನವರು ಒಪ್ಪುತ್ತೀರಾ?

ಗುಂಡಿಗೆ ‘ಚರೆ’ ಅನ್ನೋಣ ಎಂದು ಗೆಳೆಯನೊಬ್ಬನ ವಾದ. ನನಗೆ ಸರಿ ಕಾಣಲಿಲ್ಲ. ಚರೆ ಒಂದು ಈಡಿಗೆ ಹಿಡಿಗಟ್ಟಲೆ ಹೋಗುತ್ತದೆ, ಇದು ಒಂದೊಂದೇ. ಮ್ಯಾಗಜಿನ್, ನಾಝಲ್, ಹಾಪ್-ಅಪ್ ಹಾಗೇ ಇರಲಿ, ಅಂಗಡಿಯಲ್ಲಿ ಕೇಳುವಾಗ ಅವೇ ಬೇಕು.

ಈಗ ನಿಮ್ಮನ್ನು ಕೇಳುವುದು: ಗಾಣಕ್ಕೆ ಕಬ್ಬು ‘ಕೊಡು’ ಅನ್ನುವ ಹಾಗೆ ಯಂತ್ರಕ್ಕೆ ಒಂದೊಂದಾಗಿ ಒದಗಿಸುವುದಕ್ಕೆ ನಿಮ್ಮ ಕಡೆ ಬೇರೆ ಮಾತಿದೆಯೇ? ಕೊಡಗು, ಮಲೆನಾಡಿನ ಕಡೆ ತೋಟೆ ನಳಿಗೆಯಲ್ಲಿ ಸರಿಯಾಗಿ ಕೂರದಿದ್ದರೆ ಏನನ್ನುತ್ತಾರೆ? ‘ಕೂರು’ ಅಂತಲೇ ಅಂದರೆ ಚೀಟಿ ಹಾಗೇ ಅಚ್ಚಿಗೆ ಕಳಿಸುತ್ತೇನೆ.