ಹೊರದೇಶದ ಕೆಲಸಕ್ಕೆ ದಾಖಲೆ ದೃಢೀಕರಣ: ಯಾವ ಮುದ್ರೆ ಮೊದಲು?

ಪ್ರಶ್ನೆ: ಹೊರದೇಶದಲ್ಲಿ ಕೆಲಸ ಸಿಕ್ಕಿದೆ. ಪದವಿ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್ ಮೂರನ್ನೂ ಲೀಗಲೈಸ್ ಮಾಡಿಸಿ ಕಳಿಸಿ ಅಂತ ಕಂಪನಿಯವರು ಹೇಳಿದ್ದಾರೆ. ನೋಟರಿ, ಅಪೊಸ್ಟಿಲ್, ರಾಯಭಾರ ಕಚೇರಿ, ಅನುವಾದ, ಇವುಗಳಲ್ಲಿ ಯಾವುದು ಮೊದಲು? ಎಲ್ಲವೂ ಬೇಕೇ? ಅನುಭವ ಇರುವವರು ತಿಳಿಸಿ.

ದೃಢೀಕರಣ ಕೆಲಸ ಮಾಡಿಸಿಕೊಡುವವರು: ಯಾವ ದೇಶಕ್ಕೆ ಹೊರಟಿದ್ದೀರಿ ಅನ್ನೋದನ್ನೇ ನೀವು ಬರೆದಿಲ್ಲ. ಉಳಿದದ್ದೆಲ್ಲ ನಿಂತಿರುವುದು ಅದರ ಮೇಲೆ. ದಾಖಲೆ ಕೊಟ್ಟ ದೇಶ, ಕೇಳುವ ದೇಶ ಎರಡೂ 1961ರ ಹೇಗ್ ಒಪ್ಪಂದದಲ್ಲಿದ್ದರೆ ಒಂದು ಅಪೊಸ್ಟಿಲ್ (ದಾಖಲೆಯ ಸಹಿ, ಮೊಹರು ಅಸಲಿ ಅಂತ ದೃಢೀಕರಿಸುವ ಪತ್ರ) ಸಾಕು, ರಾಯಭಾರ ಕಚೇರಿಗೆ ಹೋಗಬೇಕಿಲ್ಲ. ಒಂದು ದೇಶ ಹೊರಗಿದ್ದರೂ ಹಳೆಯ ಸರಪಳಿಯೇ ಗತಿ: ದಾಖಲೆ ಕೊಟ್ಟ ಇಲಾಖೆ, ಆ ದೇಶದ ವಿದೇಶಾಂಗ ಸಚಿವಾಲಯ, ಹೋಗುವ ದೇಶದ ರಾಯಭಾರ ಕಚೇರಿ, ಕೆಲವೊಮ್ಮೆ ಅಲ್ಲಿಗೆ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯದ್ದೂ ಒಂದು ಮುದ್ರೆ. ಹಳೆಯ ಮಾಹಿತಿ ನಂಬಬೇಡಿ. ಸೌದಿ ಅರೇಬಿಯಾದಲ್ಲಿ ಒಪ್ಪಂದ ಜಾರಿಗೆ ಬಂದದ್ದು 2022ರ ಡಿಸೆಂಬರ್ 7ರಂದು, ಚೀನಾದಲ್ಲಿ 2023ರ ನವೆಂಬರ್ 7ರಂದು, ಕೆನಡಾದಲ್ಲಿ 2024ರ ಜನವರಿ 11ರಂದು. ಅದಕ್ಕೂ ಮೊದಲು ಹೋದವರ ಪಟ್ಟಿ ಹಿಡಿದು ಹೊರಟರೆ ಬೇಡದ ಮುದ್ರೆಗೆ ದುಡ್ಡು ಕಟ್ಟುತ್ತೀರಿ. ಈ ಒಪ್ಪಂದವನ್ನು ನೋಡಿಕೊಳ್ಳುವ ಹೇಗ್ ಸಮ್ಮೇಳನ ಅನ್ನುವ ಸಂಸ್ಥೆಯ (HCCH) ಜಾಲತಾಣದಲ್ಲಿ ಸದಸ್ಯ ದೇಶಗಳ ಪಟ್ಟಿ ಇದೆ. ಅದರಲ್ಲಿ ಆಕ್ಷೇಪಣೆಗಳನ್ನೂ ನೋಡಿ. ಹೊಸದಾಗಿ ಸೇರಿದ ದೇಶಕ್ಕೆ ಹಳೆಯ ಸದಸ್ಯ ಆಕ್ಷೇಪಣೆ ಹಾಕಿದ್ದರೆ ಅವೆರಡರ ನಡುವೆ ಅಪೊಸ್ಟಿಲ್ ನಡೆಯೋದಿಲ್ಲ.

ಇನ್ನೊಂದು, ಅಪೊಸ್ಟಿಲ್ ಕೊಡುವುದು ದಾಖಲೆ ಹುಟ್ಟಿದ ದೇಶ ಮಾತ್ರ. ಅಮೆರಿಕದಲ್ಲಂತೂ ರಾಜ್ಯ ಕೊಟ್ಟ ಜನನ ಪತ್ರಕ್ಕೆ ಆ ರಾಜ್ಯವೇ ಕೊಡಬೇಕು, ಎಫ್‌ಬಿಐ (ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ) ಕೊಟ್ಟ ಅಪರಾಧ ದಾಖಲೆ ವರದಿಗೆ ವಾಷಿಂಗ್ಟನ್‌ನ ವಿದೇಶಾಂಗ ಇಲಾಖೆಯೇ ಕೊಡಬೇಕು. ಅದಲು ಬದಲಾದರೆ ಹಾಗೇ ವಾಪಸ್ ಬರುತ್ತದೆ.

ನೇಮಕಾತಿ ವಿಭಾಗದವರು: ಪದವಿ ಪತ್ರದ ವಿಷಯದಲ್ಲಿ ಜನ ಮೋಸ ಹೋಗುವುದು ನೋಟರಿಯ ಅಡ್ಡದಾರಿಯಲ್ಲಿ. ಅಪೊಸ್ಟಿಲ್‌ನಲ್ಲಿ ಒಟ್ಟು 10 ಸಾಲು ಇರುತ್ತವೆ. 2ನೇ ಸಾಲಿನಲ್ಲಿ ಸಹಿ ಹಾಕಿದವರ ಹೆಸರು, 3ರಲ್ಲಿ ಹುದ್ದೆ, 4ರಲ್ಲಿ ಮೊಹರು ಯಾರದು ಅನ್ನೋದು. ಜೆರಾಕ್ಸ್‌ಗೆ ನೋಟರಿ ಸಹಿ ಹಾಕಿಸಿ ಅದರ ಮೇಲೆ ಅಪೊಸ್ಟಿಲ್ ಮಾಡಿಸಿದರೆ 3ನೇ ಸಾಲಿನಲ್ಲಿ ‘ನೋಟರಿ’ ಅಂತ ಬರುತ್ತದೆ. ಅಂದರೆ ದೃಢವಾದದ್ದು ನೋಟರಿಯ ಸಹಿ, ವಿಶ್ವವಿದ್ಯಾಲಯದ್ದಲ್ಲ. ಇದನ್ನು ಒಪ್ಪುವ ಕಂಪನಿಗಳಿವೆ. ಆದರೆ ವೈದ್ಯಕೀಯ, ನರ್ಸಿಂಗ್, ಶಿಕ್ಷಕ ಹುದ್ದೆಗೆ ಲೈಸೆನ್ಸ್ ಕೊಡುವ ಮಂಡಳಿಗಳು ಬಹುಮಟ್ಟಿಗೆ ಮೂಲ ಪ್ರಮಾಣಪತ್ರದ ಮೇಲೇ ಕೇಳುತ್ತವೆ. ‘ಮೂಲದ ಮೇಲೋ, ನೋಟರಿ ಪ್ರತಿಯ ಮೇಲೋ?’ ಅಂತ ಮೊದಲೇ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಲೈಸೆನ್ಸ್ ಹುದ್ದೆಯಾದರೆ ಮೂಲ ಸಂಸ್ಥೆಯಿಂದಲೇ ನೇರ ಪರಿಶೀಲನೆಯೂ ಇರಬಹುದು. ಅದು ಬೇರೆ ಕೆಲಸ, ಎಷ್ಟು ಮುದ್ರೆ ಇದ್ದರೂ ಅದಕ್ಕೆ ಬದಲಿ ಆಗುವುದಿಲ್ಲ. ಆ ಸಂಸ್ಥೆಯವರು ಮೊಹರು ಮಾಡಿದ ಕವರ್ ಕೊಟ್ಟರೆ ಒಡೆಯಬೇಡಿ.

ದೃಢೀಕರಣ ಕೆಲಸ ಮಾಡಿಸಿಕೊಡುವವರು: ಸರಿ ಹೇಳಿದಿರಿ. ಮೂಲ ಪತ್ರವೇ ವಾಪಸ್ ಬರುವುದಕ್ಕೆ ಇನ್ನೊಂದು ಕಾರಣ ಮಾದರಿ ಸಹಿ. ಪ್ರತಿ ಕಚೇರಿಯಲ್ಲೂ ಸರಪಳಿಯಲ್ಲಿ ಅದಕ್ಕೂ ಮೊದಲು ಬರುವ ಕಚೇರಿಯ ಅಧಿಕಾರಿಗಳ ಮಾದರಿ ಸಹಿಗಳ ಕಡತ ಇರುತ್ತದೆ. ಎಷ್ಟೋ ವರ್ಷದ ಹಿಂದಿನ ರಿಜಿಸ್ಟ್ರಾರ್ ಸಹಿ ಅದರಲ್ಲಿ ಸಿಗದಿದ್ದರೆ ನಿಮ್ಮ ಪತ್ರ ಎಷ್ಟೇ ಅಸಲಿಯಾದರೂ ಅಲ್ಲೇ ನಿಂತಿತು. ಈಗಿನ ಅಧಿಕಾರಿಯಿಂದ ಪತ್ರದ ಹಿಂಬದಿಯಲ್ಲಿ ದೃಢೀಕರಣ ಪಡೆಯಿರಿ, ಇಲ್ಲವೇ ಹೊಸ ಪ್ರತಿ ತೆಗೆಸಿ. ಮದುವೆ ಪತ್ರಕ್ಕೆ ಹೊಸ ಪ್ರತಿಯೇ ಸುಲಭ. ಲ್ಯಾಮಿನೇಷನ್ ಮಾಡಿಸಿದ್ದರೆ ಕೀಳಲು ಹೋಗಬೇಡಿ, ಶಾಯಿ ಎದ್ದು ಬರುತ್ತದೆ. ನಕಲು ಪ್ರತಿಗೆ ಅರ್ಜಿ ಹಾಕಿ.

ಅನುವಾದಕಿ: ಅನುವಾದ ಕೊನೆಗೆ. ಮೊದಲೇ ಮಾಡಿಸಿದರೆ ಆಮೇಲೆ ಬಂದ ಅಪೊಸ್ಟಿಲ್ ಅನುವಾದದಲ್ಲಿ ಇರುವುದಿಲ್ಲ, ಹಿಂಬದಿಯ ಠಸ್ಸೆಗಳೂ ಇರುವುದಿಲ್ಲ. ಎರಡನ್ನೂ ಕೇಳುವ ಕಚೇರಿಗಳು ಬೇಕಾದಷ್ಟಿವೆ. ಅನುವಾದಕರು ಯಾರಾಗಿರಬೇಕು ಅನ್ನೋದನ್ನು ಕೇಳಿ ತಿಳಿದುಕೊಳ್ಳಿ. ಜರ್ಮನಿಯಂಥ ಕಡೆ ನ್ಯಾಯಾಲಯದಲ್ಲಿ ಪ್ರಮಾಣವಚನ ಪಡೆದ ಅನುವಾದಕರಿದ್ದಾರೆ, ಅವರ ಕೈಯಲ್ಲಿ ಮಾಡಿಸಿದರೆ ತಂಟೆ ಕಡಿಮೆ. ಇಲ್ಲೇ ಮಾಡಿಸಿದರೆ ಅನುವಾದಕರ ಸಹಿಗೇ ನೋಟರಿ, ಅದರ ಮೇಲೆ ಇನ್ನೊಂದು ಅಪೊಸ್ಟಿಲ್ ಬೇಕಾಗಬಹುದು.

ಹೆಸರನ್ನು ಪಾಸ್‌ಪೋರ್ಟ್‌ನಲ್ಲಿರುವ ಕಾಗುಣಿತದಲ್ಲೇ ಬರೆಸಬೇಕು ಅನ್ನುವವರಿದ್ದಾರೆ, ನಾನು ಒಪ್ಪೋದಿಲ್ಲ. ದಾಖಲೆಯಲ್ಲಿ ಇರುವುದನ್ನೇ ಅನುವಾದಿಸಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ಣ ಹೆಸರು ಇದ್ದರೆ ‘ಇಬ್ಬರೂ ಒಬ್ಬರೇ’ ಅನ್ನುವ ಅಫಿಡವಿಟ್ ಪ್ರತ್ಯೇಕವಾಗಿ ಇಡಿ.

ಪೊಲೀಸ್ ಕ್ಲಿಯರೆನ್ಸ್ ಕಡತ ನೋಡುವವರು: ಮೂರು ದಾಖಲೆಗಳಲ್ಲಿ ಪೊಲೀಸ್ ಕ್ಲಿಯರೆನ್ಸ್‌ಗೆ ಕಡೆಗೆ ಅರ್ಜಿ ಹಾಕಿ, ಮೊದಲಿಗಲ್ಲ. ಅಪೊಸ್ಟಿಲ್‌ಗೆ ಒಪ್ಪಂದದಲ್ಲಿ ಅವಧಿ ಮುಗಿಯುವ ದಿನಾಂಕ ಇಲ್ಲ. ಆದರೆ ಕ್ಲಿಯರೆನ್ಸ್ ಅನ್ನು ಕೇಳುವವರು 3 ಅಥವಾ 6 ತಿಂಗಳಿಗಿಂತ ಹಳೆಯದನ್ನು ಒಪ್ಪದೇ ಇರಬಹುದು, ಎಣಿಕೆ ಕ್ಲಿಯರೆನ್ಸ್ ಕೊಟ್ಟ ದಿನದಿಂದ. ಪದವಿ ಪತ್ರದ ಕೆಲಸ ಎಳೆದಾಡುತ್ತಿರುವಾಗ ಇದು ಹಳತಾಗುತ್ತದೆ. ಬೇರೆ ದೇಶದಲ್ಲಿದ್ದು ನಿಮ್ಮದೇ ರಾಯಭಾರ ಕಚೇರಿಯಿಂದ ಪಡೆದ ಕ್ಲಿಯರೆನ್ಸ್ ಆದರೆ ಇನ್ನೊಂದು ತೊಡಕು: ರಾಯಭಾರಿ, ಕಾನ್ಸುಲ್ ಕಚೇರಿಗಳ ದಾಖಲೆ ಒಪ್ಪಂದದ 1ನೇ ವಿಧಿಯ ಪ್ರಕಾರ ಹೊರಗೆ, ಅದಕ್ಕೆ ಅಪೊಸ್ಟಿಲ್ ಆಗುವುದಿಲ್ಲ. ಡಿಜಿಟಲ್ ಸಹಿಯ ಪಿಡಿಎಫ್ ಬಂದರೆ ಅದನ್ನು ಪ್ರಿಂಟ್ ಹಾಕಿ ಕೊಟ್ಟರೆ ಸಹಿ ಪರಿಶೀಲಿಸಲು ಆಗುವುದಿಲ್ಲ. ಇ-ಅಪೊಸ್ಟಿಲ್ ಇದೆಯೇ, ಅಥವಾ ದೃಢೀಕೃತ ಪ್ರಿಂಟ್ ಕೊಡುತ್ತಾರೆಯೇ ಕೇಳಿ.

ಅನುವಾದಕಿ: ಕೈಗೆ ಬಂದ ಕೂಡಲೇ ಹೆಸರು, ದಿನಾಂಕ, ಸಂಖ್ಯೆ ಓದಿ, ಕೌಂಟರ್ ಬಿಡುವ ಮುಂಚೆ. ಅಪೊಸ್ಟಿಲ್ ಬೇರೆ ಹಾಳೆಯಲ್ಲಿದ್ದು ಸ್ಟೇಪಲ್ ಅಥವಾ ದಾರದಿಂದ ಸೇರಿಸಿದ್ದರೆ ಸ್ಕ್ಯಾನ್ ಮಾಡಲು ಬಿಚ್ಚಬೇಡಿ. ಪಿನ್ ತೂತು ಎರಡಾದರೆ ಹಾಳೆ ಬದಲಾಯಿಸಿದ್ದಾರೆ ಅನ್ನುವ ಅನುಮಾನಕ್ಕೆ ಅಷ್ಟೇ ಸಾಕು. ಹಾಗೇ ಮಡಚಿ ಸ್ಕ್ಯಾನ್ ಮಾಡಿ, ಓರೆಯಾದರೂ ಪರವಾಗಿಲ್ಲ. ಅಪೊಸ್ಟಿಲ್‌ಗಳ ಆನ್‌ಲೈನ್ ನೋಂದಣಿ ಪುಸ್ತಕ ಇರುವ ದೇಶವಾದರೆ 8ನೇ ಸಾಲಿನ ಸಂಖ್ಯೆ, 6ನೇ ಸಾಲಿನ ದಿನಾಂಕ ಹಾಕಿ ನೀವೇ ಒಮ್ಮೆ ನೋಡಿ, ಆಮೇಲೆ ಕೊರಿಯರ್‌ಗೆ ಕೊಡಿ.