ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬೇಡದ ಆ್ಯಪ್‌ಗಳು, ತೆಗೆದರೂ ಮತ್ತೆ ಬರುತ್ತಿವೆ. ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಟ್ಯಾಕ್ಸ್ ಆಫೀಸು. ಹೋದ ತಿಂಗಳು ವಿಂಡೋಸ್ 11 ಪ್ರೊ ಇರುವ 6 ಲ್ಯಾಪ್‌ಟಾಪ್ ತಗೊಂಡೆವು. ಆನ್ ಮಾಡಿದ ಕೂಡಲೇ ಟ್ರಯಲ್ ಆಂಟಿವೈರಸ್, ಗೇಮ್‌ಗಳು, ಲ್ಯಾಪ್‌ಟಾಪ್ ಕಂಪನಿಯದೇ ನಾಲ್ಕೈದು ಆ್ಯಪ್‌ಗಳು ಕಂಡವು. ತಿಂಗಳ ಜಿಎಸ್‌ಟಿ ರಿಟರ್ನ್ (ಜಿಎಸ್‌ಟಿಆರ್-3ಬಿ) ಹಾಕಲು 20ನೇ ತಾರೀಖು ಕೊನೆ ದಿನ. ಆ ಗಡಿಬಿಡಿಯಲ್ಲಿ ಸ್ಕ್ರೀನ್ ಮೇಲೆ 'ಈಗಲೇ ರಿನ್ಯೂ ಮಾಡಿ' ಅಂತ ಬಂದರೆ ಕೆಲಸದ ಹುಡುಗರು ಹೆದರಿಬಿಡುತ್ತಾರೆ. ಗ್ರಾಹಕರ ಪ್ಯಾನ್, ಬ್ಯಾಂಕ್ ವಿವರ ಎಲ್ಲ ಇದರಲ್ಲೇ ಇರುತ್ತದೆ ಅಲ್ವಾ? ಏನೆಂದು ಗೊತ್ತಿಲ್ಲದ ಆ್ಯಪ್ ಒಂದೂ ಇರಬಾರದು.

ಸೆಟ್ಟಿಂಗ್ಸ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿದೆ. ಆಂಟಿವೈರಸ್ ಹೋಯಿತು, ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್ ತಾನಾಗಿಯೇ ಆನ್ ಆಯಿತು. ಆದರೆ ಇನ್ನೊಬ್ಬರಿಗೆ ಹೊಸ ಯೂಸರ್ ಅಕೌಂಟ್ ಮಾಡಿದರೆ ಗೇಮ್‌ಗಳು ಮತ್ತೆ ಹಾಜರ್! ಪವರ್‌ಶೆಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ವಿಂಡೋಸ್ ಟೂಲ್) ಆ್ಯಪ್ ತೆಗೆಯುವ ರಿಮೂವ್-ಆ್ಯಪ್‌ಎಕ್ಸ್‌ಪ್ಯಾಕೇಜ್ ಕಮಾಂಡ್ ಕೊಟ್ಟರೂ ಅಷ್ಟೇ. ಅದು ಆ ಒಬ್ಬ ಯೂಸರ್‌ಗೆ ಮಾತ್ರ ಅಂತ ಆಮೇಲೆ ತಿಳಿಯಿತು. ಒಂದು ಲ್ಯಾಪ್‌ಟಾಪ್ ರೀಸೆಟ್ ಮಾಡಿದೆ. ಕಂಪನಿ ಹಾಕಿದ್ದೆಲ್ಲ ವಾಪಸ್ ಬಂತು. ಇಡೀ ಭಾನುವಾರ ಹೋಯಿತು.

ಈಗ ಎರಡು ದಾರಿ ಕಾಣುತ್ತಿದೆ. ಪ್ರೊವಿಷನ್ಡ್ ಪ್ಯಾಕೇಜ್‌ಗಳನ್ನೇ (ಪ್ರತಿ ಹೊಸ ಯೂಸರ್‌ಗೂ ತಾನಾಗಿ ಇನ್‌ಸ್ಟಾಲ್ ಆಗುವ ಆ್ಯಪ್‌ಗಳ ಮೂಲ ಪ್ರತಿ) ತೆಗೆಯುವುದು, ಇಲ್ಲವೇ ಪೆನ್‌ಡ್ರೈವ್‌ನಿಂದ ಹೊಸದಾಗಿ ವಿಂಡೋಸ್ ಹಾಕುವುದು. ಲೈಸೆನ್ಸ್ ಕೀ ಮದರ್‌ಬೋರ್ಡ್‌ನಲ್ಲೇ ಇರುವುದರಿಂದ ಆಕ್ಟಿವೇಷನ್ ಚಿಂತೆ ಇಲ್ಲ. ಕಂಪನಿಯ ಆ್ಯಪ್ ಹೋದರೆ ಬಯೋಸ್ (ಲ್ಯಾಪ್‌ಟಾಪ್ ಶುರುವಾಗಲು ಬೇಕಾದ ಮೂಲ ಸಾಫ್ಟ್‌ವೇರ್), ಡ್ರೈವರ್ ಅಪ್‌ಡೇಟ್ ನಿಂತುಹೋಗುತ್ತಾ ಅನ್ನುವುದೇ ಭಯ.

ಆಫೀಸಿನಲ್ಲಿ ಇದನ್ನು ಮಾಡಿದವರು ದಯವಿಟ್ಟು ಹೇಳಿ: 6 ಲ್ಯಾಪ್‌ಟಾಪ್‌ಗೆ ಯಾವ ದಾರಿ ಸರಿ? ಕಂಪನಿಯ ಆ್ಯಪ್‌ಗಳಲ್ಲಿ ಯಾವುದನ್ನು ಮಾತ್ರ ಉಳಿಸಿಕೊಳ್ಳಬೇಕು?